ಅರಸಾಳು ಬೋರ್ಡು ಬದಲಾಗಬೇಕಾ?

ನಮ್ಮ ಮನೆಮಂದಿ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆಯಿಂದ

ಪುಟ್ಟಣ್ಣ, ಬೆಂಗಳೂರು: ಎಲ್ಲರೂ ಈ ವಿಡಿಯೊ ಪೂರ್ತಿ ನೋಡಿ. ನಮ್ಮ ಅರಸಾಳು ಸ್ಟೇಷನ್ನು. ಡ್ರೋನಿನಲ್ಲಿ ತೆಗೆದಿದ್ದಾರೆ. ಮಳೆ ನಿಂತ ಮೇಲಿನ ಹಸಿರು, ಹೆಂಚಿನ ಮಾಡು, ಎಷ್ಟು ಚೆನ್ನಾಗಿದೆ! ಕೆಳಗೆ ಒಂದು ಮನವಿ ಇದೆ. ಅಲ್ಲಿ ಮಾಲ್ಗುಡಿ ಡೇಸ್ ಧಾರಾವಾಹಿ ಶೂಟಿಂಗ್ ಆಗಿತ್ತಲ್ಲ, ಅದಕ್ಕೆ ಸ್ಟೇಷನ್ನಿಗೆ ಮಾಲ್ಗುಡಿ ಅಂತಲೇ ಹೆಸರು ಇಡಬೇಕು ಅಂತ. ನಾನು ಸಹಿ ಹಾಕಿದೆ. ನೀವೂ ಹಾಕಿ. ನಮ್ಮ ಮನೆಯಿಂದಲೇ ಹದಿನಾಲ್ಕು ಸಹಿ ಆಗುತ್ತದೆ.

ದೊಡ್ಡತ್ತೆ, ರಿಪ್ಪನ್‌ಪೇಟೆ: ನೋಡಿದೆ ಪುಟ್ಟ. ಎರಡು ಸಲ ನೋಡಿದೆ. ಕಣ್ಣು ತುಂಬಿ ಬಂತು.

ಚಿಕ್ಕಪ್ಪ, ಆನಂದಪುರ: ನಾನು ಸಹಿ ಹಾಕುವುದಿಲ್ಲ.

ಪುಟ್ಟಣ್ಣ: ಯಾಕೆ ಚಿಕ್ಕಪ್ಪ?

ಚಿಕ್ಕಪ್ಪ: ಅರಸಾಳು ಅಂತ ಊರಿದೆ. ಊರಲ್ಲಿ ಜನ ಇದ್ದಾರೆ. ಊರಿಗೆ ಹೆಸರಿದೆ. ಇನ್ನೇನು ಬೇಕು?

ಪುಟ್ಟಣ್ಣ: ಊರಿನ ಹೆಸರು ತೆಗೆಯುತ್ತಿಲ್ಲ ಚಿಕ್ಕಪ್ಪ, ಸ್ಟೇಷನ್ನಿನದು ಮಾತ್ರ. 2019ರಲ್ಲೇ ಈ ಮಾತು ಬಂದಿತ್ತು. ದೇಶಕ್ಕೆಲ್ಲ ಗೊತ್ತಿರುವುದು ಮಾಲ್ಗುಡಿ. ಅರಸಾಳು ಅಂದರೆ ಶಿವಮೊಗ್ಗ ದಾಟಿದ ಮೇಲೆ ಯಾರಿಗೂ ಗೊತ್ತಿಲ್ಲ. 2020ರಲ್ಲಿ ಮ್ಯೂಸಿಯಂ ಆದ ಮೇಲೆ ಎಷ್ಟು ಜನ ಕಾರು ನಿಲ್ಲಿಸಿ ಇಳಿಯುತ್ತಾರೆ ನೀವೇ ನೋಡಿದ್ದೀರಲ್ಲ. ಅಲ್ಲೇ ಹಳೇ ಬೋಗಿಯಲ್ಲಿ ಮಾಲ್ಗುಡಿ ಚಾಯ್ ಅಂತ ಟೀ ಅಂಗಡಿ ಮಾಡಿದ್ದಾರೆ. ಈಗ ಸಿಗಂದೂರಿಗೆ ಸೇತುವೆಯೂ ಆಯಿತು, ಜೋಗ ಹೇಗೂ ಇದೆ, ಈ ಕಡೆ ಬರುವವರು ಜಾಸ್ತಿ ಆಗುತ್ತಾರೆ. ಹೆಸರು ಒಂದು ಬದಲಾದರೆ ಅರಸಾಳಿನವರಿಗೇ ನಾಲ್ಕು ಕಾಸು.

ದೊಡ್ಡತ್ತೆ: ಶೂಟಿಂಗ್ ಆದಾಗ ನಾನು ಹೋಗಿದ್ದೆ ಮಕ್ಕಳೇ. 1986ರ ಆಸುಪಾಸು. ಶಂಕರ್ ನಾಗ್ ಅವರನ್ನು ದೂರದಿಂದ ನೋಡಿದೆ. ಒಂದು ಕಡೆ ನಿಲ್ಲುವವರೇ ಅಲ್ಲ, ಆ ತುದಿಯಿಂದ ಈ ತುದಿಗೆ ಓಡುತ್ತಲೇ ಇದ್ದರು. ಬೋರ್ಡಿನ ಮೇಲೆ ಮಾಲ್ಗುಡಿ ಅಂತ ಬರೆದಿದ್ದರು. ನಾವು ಹೆಂಗಸರೆಲ್ಲ ಬೇಲಿ ಪಕ್ಕ ನಿಂತು ನೋಡಿದ್ದು. ಆಮೇಲೆ ದೂರದರ್ಶನದಲ್ಲಿ ಬಂದಾಗ ನಮ್ಮ ಕೇರಿಗೆಲ್ಲ ಒಂದೇ ಟಿವಿ. ಸ್ಟೇಷನ್ ಕಂಡ ಕೂಡಲೇ ಎಲ್ಲರೂ ನಮ್ಮದು ನಮ್ಮದು ಅಂತ ಕೂಗಿದೆವು. ಅದನ್ನು ಹೇಗೆ ಮರೆಯಲಿ?

ಚಿಕ್ಕಪ್ಪ: ಅಕ್ಕ, ಶೂಟಿಂಗ್ ಮುಗಿದ ಮೇಲೆ ಏನಾಯಿತು ಅದನ್ನೂ ಹೇಳು. ಅರಸಾಳು ಮತ್ತೆ ಅರಸಾಳೇ ಆಯಿತು. ನಟನೆ ಮಾಡಿದವರಿಗೆ ಅದು ನಟನೆ ಅಂತ ಗೊತ್ತಿತ್ತು.

ಅಪ್ಪಿ, ಮೈಸೂರು: ಒಂದು ಪ್ರಶ್ನೆ. ವಿಡಿಯೊದಲ್ಲಿ ಇದೇ ನಿಜವಾದ ಮಾಲ್ಗುಡಿ ಅಂತಾನೆ. ಅದು ನಿಜವಾ?

ನಾನು: ಅಲ್ಲ ಅಪ್ಪಿ. ಮಾಲ್ಗುಡಿ ಅನ್ನುವ ಊರು ಎಲ್ಲೂ ಇಲ್ಲ. ಆರ್. ಕೆ. ನಾರಾಯಣ್ ಅವರ ಕಲ್ಪನೆಯ ಊರು. ಧಾರಾವಾಹಿಯ ಊರು ಅಂತ ನೀನು ನೋಡಿದ್ದು ಬಹುಪಾಲು ಆಗುಂಬೆ. ಆಗುಂಬೆಗೆ ರೈಲು ಯಾವತ್ತೂ ಹೋಗಿಲ್ಲ, ಘಟ್ಟದ ತುದಿ ಅದು. ಕಥೆಗೆ ರೈಲು ಬೇಕಿತ್ತು, ಅದಕ್ಕೆ ಅರಸಾಳಿಗೆ ಬಂದರು. ಅಂದರೆ ಊರು ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ, ಎರಡನ್ನೂ ಸೇರಿಸಿ ಒಂದು ಮಾಲ್ಗುಡಿ. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಆಮೇಲೆ ಮ್ಯೂಸಿಯಂ ರೂಪಿಸಿಕೊಟ್ಟಿದ್ದು. ಅದು ನನಗೆ ತುಂಬಾ ಹಿಡಿಸಿದ ವಿಷಯ. ಆದರೆ ಹೆಸರು ಬದಲಿಸುವುದಕ್ಕೆ ನಾನೂ ಚಿಕ್ಕಪ್ಪನ ಕಡೆಗೇ.

ಪುಟ್ಟಣ್ಣ: ನೀನೂನಾ? ನಿನಗೆ ಆ ಸ್ಟೇಷನ್ ಅಂದರೆ ಅಷ್ಟು ಇಷ್ಟ ಅಲ್ವಾ?

ನಾನು: ಇಷ್ಟ ಅಂತಲೇ ಬೇಡ ಅನ್ನುತ್ತಿದ್ದೇನೆ ಅಣ್ಣ. ಸ್ವಲ್ಪ ಉದ್ದ ಬರೆಯುತ್ತೇನೆ, ಓದು. ಶಿವಮೊಗ್ಗದವರೆಗೆ ರೈಲು ಬಂದದ್ದು 1899ರಲ್ಲಿ, ಬೀರೂರಿನಿಂದ. ಅಲ್ಲಿಂದ ಮುಂದೆ ತಾಳಗುಪ್ಪದ ಕಡೆ ಹಳಿ ಹಾಕಿದ್ದು ಮೂವತ್ತು ವರ್ಷಗಳ ಮೇಲೆ, 1930ರ ದಶಕದಲ್ಲಿ, ಒಂದೊಂದೇ ತುಂಡಾಗಿ. ಮೈಸೂರು ಸಂಸ್ಥಾನದ ದುಡ್ಡು, ಮೈಸೂರು ಸಂಸ್ಥಾನದ ರೈಲು. ಕುಂಸಿ, ಅರಸಾಳು, ಆನಂದಪುರ, ಸಾಗರ, ಕಾನಲೆ, ತಾಳಗುಪ್ಪ. ಆ ಮಳೆಯಲ್ಲಿ, ಆ ಕಾಡಿನಲ್ಲಿ ಮಣ್ಣು ಕಡಿದವರು, ಜಲ್ಲಿ ಹೊತ್ತವರು, ಸ್ಲೀಪರ್ ಎಳೆದವರು ಯಾರು? ಒಬ್ಬರ ಹೆಸರಾದರೂ ಯಾವುದಾದರೂ ಸ್ಟೇಷನ್ನಿನ ಗೋಡೆಯ ಮೇಲೆ ಇದೆಯಾ? ಧಾರಾವಾಹಿ ಆ ಸ್ಟೇಷನ್ನಿನಲ್ಲಿ ಇದ್ದದ್ದು ಕೆಲವು ದಿನ. ನಮ್ಮ ಅಜ್ಜಯ್ಯ ಆ ಹಳಿಯ ಮೇಲೆ ಮೂವತ್ತು ವರ್ಷಕ್ಕೂ ಜಾಸ್ತಿ ನಡೆದರು. ಮ್ಯೂಸಿಯಂ ಇರಲಿ, ಚಾಯ್ ಇರಲಿ, ಆದರೆ ಬೋರ್ಡಿನ ಹೆಸರೂ ಕಥೆಗೇ ಹೋದರೆ ನಿಜವಾಗಿ ಅಲ್ಲಿ ಬದುಕಿದವರಿಗೆ ಏನು ಉಳಿಯುತ್ತದೆ?

ಅಕ್ಕ, ಡಲ್ಲಾಸ್: ಇಲ್ಲಿ ಮಧ್ಯರಾತ್ರಿ. ಆದರೂ ಓದುತ್ತಾ ಕೂತಿದ್ದೇನೆ. ಅಜ್ಜಯ್ಯ ನಿಜವಾಗಿ ಏನು ಕೆಲಸ ಮಾಡುತ್ತಿದ್ದರು? ರೈಲ್ವೆ ಅಂತ ಮಾತ್ರ ಗೊತ್ತು ನನಗೆ.

ಚಿಕ್ಕಪ್ಪ: ಮೊದಲು ಗ್ಯಾಂಗ್‌ಮನ್, ಅಂದರೆ ಹಳಿ ರಿಪೇರಿ ಗುಂಪಿನ ಆಳು. ಆಮೇಲೆ ಕೀಮ್ಯಾನ್. ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ಅವರ ಪಾಲಿನ ಹಳಿ ಪೂರ್ತಿ ನಡೆಯಬೇಕು. ಹೋಗುವಾಗ ಒಂದು ಕಂಬಿ ನೋಡುವುದು, ಬರುವಾಗ ಇನ್ನೊಂದು. ಸಡಿಲ ಆದ ಕೀಲಿ ಕಂಡರೆ ಬಡಿದು ಕೂರಿಸುವುದು. ಮಳೆಗಾಲದಲ್ಲಿ ಇನ್ನೂ ಕಷ್ಟ. ರಾತ್ರಿ ಗಸ್ತು ಇರುತ್ತಿತ್ತು. ನಮ್ಮ ಕಡೆ ಮಳೆ ಅಂದರೆ ನಿಮಗೆ ಗೊತ್ತಲ್ಲ, ಒಂದು ರಾತ್ರಿ ಬಿದ್ದರೆ ಧರೆ ಜರಿಯುತ್ತದೆ, ಮರ ಉರುಳುತ್ತದೆ, ಮೋರಿ ಕಟ್ಟಿಕೊಂಡು ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಗುತ್ತದೆ. ಅಪ್ಪಯ್ಯ ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ದೀಪ ಹಿಡಿದು, ಚೀಲದಲ್ಲಿ ಪಟಾಕಿ ಇಟ್ಟುಕೊಂಡು ಹೊರಡುತ್ತಿದ್ದರು.

ಅಪ್ಪಿ: ಪಟಾಕಿ ಯಾಕೆ ಚಿಕ್ಕಜ್ಜ?

ಚಿಕ್ಕಪ್ಪ: ದೀಪಾವಳಿ ಪಟಾಕಿ ಅಲ್ಲ ಮಗ. ತಗಡಿನ ಡಬ್ಬಿ ತರಹದ್ದು, ಚಪ್ಪಟೆ ಇರುತ್ತದೆ, ಕಂಬಿಗೆ ಕಟ್ಟುವುದು. ಮುಂದೆ ಹಳಿ ಹಾಳಾಗಿದೆ ಅಂತ ಗೊತ್ತಾದರೆ ಓಡಿ ಹೋಗಿ ದೂರದಲ್ಲಿ ಕಟ್ಟಬೇಕು. ಇಂಜಿನ್ ಚಕ್ರ ಹತ್ತಿದ ಕೂಡಲೇ ಸಿಡಿಯುತ್ತದೆ. ಡ್ರೈವರ್‌ಗೆ ಮಳೆ, ಮಂಜಿನಲ್ಲಿ ದೀಪ ಕಾಣದಿದ್ದರೂ ಸದ್ದು ಕೇಳುತ್ತದೆ, ಬ್ರೇಕ್ ಹಾಕುತ್ತಾನೆ. ಅಪ್ಪಯ್ಯ ಒಂದು ಸಲ ಹಾಗೆ ರೈಲು ನಿಲ್ಲಿಸಿದ್ದರು. ಹಲಸಿನ ಮರ ಬಿದ್ದಿತ್ತು. ಮನೆಗೆ ಬಂದು ಏನೂ ಹೇಳಲಿಲ್ಲ, ಒದ್ದೆ ಕಂಬಳಿ ಒಲೆ ಮೇಲೆ ಹಾಕಿ ಮಲಗಿದರು. ನಮಗೆ ಗೊತ್ತಾದದ್ದು ವಾರದ ಮೇಲೆ, ಸ್ಟೇಷನ್ ಮಾಸ್ಟರ್ ಅಮ್ಮನಿಗೆ ಹೇಳಿದಾಗ.

ದೊಡ್ಡತ್ತೆ: ಹೌದು. ಅಮ್ಮ ಅವತ್ತು ಅಪ್ಪಯ್ಯನ ಮೇಲೆ ಸಿಟ್ಟಾಗಿದ್ದಳು, ಯಾಕೆ ಹೇಳಲಿಲ್ಲ ಅಂತ.

ಅಕ್ಕ: ಇದು ಯಾವುದೂ ನನಗೆ ಗೊತ್ತೇ ಇರಲಿಲ್ಲ. ಈ ವಯಸ್ಸಿಗೆ ಕೇಳುತ್ತಿದ್ದೇನೆ.

ಪುಟ್ಟಣ್ಣ: ಚಿಕ್ಕಪ್ಪ, ನಿಮ್ಮ ಮಾತಿಗೆ ನಾನು ಎದುರಾಡುತ್ತಿಲ್ಲ. ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. ಗೇಜ್ ಬದಲಾಗಿ ಹಳಿ ಅಗಲ ಆದ ಮೇಲೆ ಹೊಸ ಕಟ್ಟಡ ಕಟ್ಟಿದರು. ಅರಸಾಳಿನ ಹಳೇ ಕಟ್ಟಡ ಪಾಳು ಬಿದ್ದಿತ್ತು, ಹೆಂಚು ಜಾರಿತ್ತು. ಅದನ್ನು ಉಳಿಸಿದ್ದು ಯಾವುದು? ಅಜ್ಜಯ್ಯನ ನೆನಪಾ? ಅಲ್ಲ. ಧಾರಾವಾಹಿ. ಆ ಹೆಸರು ಇಲ್ಲದಿದ್ದರೆ ಯಾರೂ ಒಂದು ರೂಪಾಯಿ ಕೊಡುತ್ತಿರಲಿಲ್ಲ, ಇಷ್ಟು ಹೊತ್ತಿಗೆ ನೆಲಸಮ ಆಗಿರುತ್ತಿತ್ತು. ಕಥೆ ಉಳಿಸಿತು. ಕಥೆಗೆ ಗೌರವ ಕೊಡಿ ಅಂದರೆ ತಪ್ಪಾ?

ನಾನು: ತಪ್ಪಲ್ಲ. ನೀನು ಹೇಳಿದ್ದು ನಿಜ ಅಣ್ಣ, ಒಪ್ಪುತ್ತೇನೆ. ಆ ಕಟ್ಟಡ ನಿಂತಿರುವುದು ಧಾರಾವಾಹಿಯಿಂದಲೇ. ಅದಕ್ಕೆ ಮ್ಯೂಸಿಯಂ ಬಾಗಿಲಿಗೆ ಮಾಲ್ಗುಡಿ ಅಂತ ಬರೆದಿದ್ದಾರೆ, ಸರಿಯಾಗಿದೆ. ನನ್ನ ತಕರಾರು ಸ್ಟೇಷನ್ ಬೋರ್ಡಿನದು ಮಾತ್ರ. ನೋಡು, ಸಾಗರ ಸ್ಟೇಷನ್ನಿನ ಹೆಸರು ಏನು? ಬರೀ ಸಾಗರ ಅಲ್ಲ, ಸಾಗರ ಜಂಬಗಾರು. ಜಂಬಗಾರು ಎಷ್ಟು ಸಣ್ಣ ಊರು! ಆದರೂ ಅಷ್ಟು ದೊಡ್ಡ ಪೇಟೆಯ ಹೆಸರಿನ ಪಕ್ಕ ಅದೂ ಕೂತಿದೆ. ಮೈಸೂರಿನಿಂದ ಬರುವ ರೈಲಿನಲ್ಲಿ ಯಾರೋ ಮಗು ಅದನ್ನು ಓದಿ ಜಂಬಗಾರು ಅಂದರೇನು ಅಂತ ಅಮ್ಮನನ್ನು ಕೇಳುತ್ತದೆ. ಹಳ್ಳಿಗೆ ಇಷ್ಟಾದರೂ ಸಿಗುವುದು ರೈಲ್ವೆ ಬೋರ್ಡಿನಲ್ಲಿ ಮಾತ್ರ.

ಅಪ್ಪಿ: 2022ರಲ್ಲಿ ತಾಳಗುಪ್ಪ–ಮೈಸೂರು ರೈಲಿಗೆ ಕುವೆಂಪು ಎಕ್ಸ್‌ಪ್ರೆಸ್ ಅಂತ ಹೆಸರು ಇಟ್ಟರಲ್ಲ. ಅದು ಸರಿನಾ ಹಾಗಾದರೆ?

ನಾನು: ಅದು ಸರಿ. ರೈಲಿಗೆ ಮೊದಲು ಹೆಸರೇ ಇರಲಿಲ್ಲ, ಯಾರದ್ದನ್ನೂ ಅಳಿಸಲಿಲ್ಲ. ಬೇಕಿದ್ದರೆ ಇನ್ನೊಂದು ರೈಲಿಗೆ ಮಾಲ್ಗುಡಿ ಎಕ್ಸ್‌ಪ್ರೆಸ್ ಅಂತ ಇಡಲಿ, ಅದಕ್ಕೆ ನಾನೇ ಮೊದಲು ಸಹಿ ಹಾಕುತ್ತೇನೆ.

ಪುಟ್ಟಣ್ಣ: ಹೆಸರಿನ ಮಾತು ಬಂದರೆ ಸಾಗರ ಸ್ಟೇಷನ್ನಿಗೆ ಸಮಾಜವಾದಿ ನಾಯಕ ಲೋಹಿಯಾ ಹೆಸರು ಇಡಿ ಅನ್ನುವವರೂ ಇದ್ದಾರಲ್ಲ. ಅದಕ್ಕೆ ನೀನು ಏನು ಹೇಳುತ್ತೀಯ? ಅದಕ್ಕೂ ಬೇಡ ಅನ್ನುತ್ತೀಯಾ?

ನಾನು: ಇದಕ್ಕೆ ಉತ್ತರ ಕೊಡುವುದು ಕಷ್ಟ. ಯೋಚನೆ ಮಾಡಿ ಬರೆಯುತ್ತಿದ್ದೇನೆ. ಅಪ್ಪಿ, ನಿನಗೆ ಗೊತ್ತಿಲ್ಲದೆ ಇರಬಹುದು. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆಯಿತು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ. ದಣಿಗಳ ಕೊಳಗ ದೊಡ್ಡದು, ರೈತನಿಗೆ ಉಳಿಯುವುದು ಕಡಿಮೆ. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟು ಮಾಡಿದರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದರು. ಅವರನ್ನು ಪೊಲೀಸರು ಹಿಡಿದದ್ದು ಸಾಗರ ರೈಲ್ವೆ ಸ್ಟೇಷನ್ನಿನಲ್ಲಿ. ಉಳುವವನೇ ಹೊಲದೊಡೆಯ ಅಂತ ಎಪ್ಪತ್ತರ ದಶಕದಲ್ಲಿ ಕಾನೂನು ಬಂದಿತಲ್ಲ, ಅದರ ಬೇರು ಈ ಕಡೆಯೂ ಇದೆ. ನಮ್ಮ ಅಜ್ಜಿಯ ತವರಿಗೆ ಜಮೀನು ಬಂದದ್ದು ಆ ಕಾನೂನಿನಿಂದಲೇ. ಅದು ನಿಜವಾಗಿ ಆ ಪ್ಲಾಟ್‌ಫಾರ್ಮಿನ ಮೇಲೆ ನಡೆದದ್ದು. ಆದರೂ ಹೆಸರು ಬದಲಿಸುವುದಕ್ಕಿಂತ ಅವರು ಎಲ್ಲಿ ಇಳಿದರು, ಯಾಕೆ ಬಂದರು, ಗೇಣಿದಾರರು ಯಾರು, ಕೊಳಗ ಎಷ್ಟು ದೊಡ್ಡದಿತ್ತು ಅಂತ ದೊಡ್ಡ ಅಕ್ಷರದಲ್ಲಿ ಅಲ್ಲೇ ಗೋಡೆಯ ಮೇಲೆ ಬರೆದರೆ ನನಗೆ ಜಾಸ್ತಿ ಸಮಾಧಾನ. ಹೆಸರನ್ನು ಜನ ಸುಮ್ನೆ ಓದಿ ಮುಂದೆ ಹೋಗುತ್ತಾರೆ.

ಚಿಕ್ಕಪ್ಪ: ಇದು ಸರಿಯಾದ ಮಾತು.

ಅಪ್ಪಿ: ನನ್ನದೂ ಒಂದು ಮಾತಿದೆ, ಬೈಯಬೇಡಿ. ನೀವೆಲ್ಲ ಹಳೇ ಕಟ್ಟಡ, ಹಳೇ ಹೆಸರು ಅಂತಿದ್ದೀರಿ. ನನ್ನಂಥವರಿಗೆ ಬೇಕಾದದ್ದು ರೈಲು. ಮೀಟರ್ ಗೇಜ್ ಅಂದರೆ ಹಳಿಗಳ ನಡುವೆ 1000 ಮಿಲಿಮೀಟರ್, ಬ್ರಾಡ್ ಗೇಜ್ ಅಂದರೆ 1676. ಅಷ್ಟು ಅಗಲ ಆದದ್ದಕ್ಕೇ ಈಗ ತಾಳಗುಪ್ಪದಲ್ಲಿ ಹತ್ತಿದರೆ ಎಲ್ಲೂ ಬದಲಿಸದೆ ಬೆಂಗಳೂರು, ಮೈಸೂರಿಗೆ ಹೋಗಬಹುದು. ಹಾಸ್ಟೆಲಿಗೆ ಅಕ್ಕಿ ಚೀಲ, ಹಪ್ಪಳ, ಉಪ್ಪಿನಕಾಯಿ ಎಲ್ಲ ನಾನು ತಂದದ್ದು ಅದರಲ್ಲೇ. ಹಳೇ ಲೈನು ಹಾಗೇ ಇದ್ದಿದ್ದರೆ ಮುಚ್ಚಿಯೇ ಹೋಗುತ್ತಿತ್ತು.

ಚಿಕ್ಕಪ್ಪ: ಸರಿಯಾಗಿ ಹೇಳಿದೆ. ನನಗೆ ಗೇಜ್ ಬದಲಾದದ್ದರ ಮೇಲೆ ಬೇಜಾರಿಲ್ಲ. ಮಧ್ಯೆ ಕೆಲವು ವರ್ಷ ರೈಲೇ ಇರಲಿಲ್ಲ, ಹಳಿ ಕಿತ್ತ ಜಾಗದಲ್ಲಿ ಹುಲ್ಲು ಬೆಳೆದಿತ್ತು, ದನ ಮೇಯುತ್ತಿದ್ದವು. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತಿತ್ತು. 2011ರಲ್ಲಿ ತಾಳಗುಪ್ಪದವರೆಗೆ ದೊಡ್ಡ ರೈಲು ಬಂದಾಗ ನಾನು ಸ್ಟೇಷನ್ನಿಗೆ ಹೋಗಿ ನಿಂತಿದ್ದೆ. ಅಪ್ಪಯ್ಯ ಇದ್ದಿದ್ದರೆ ಅಂತ ಅನ್ನಿಸಿತು.

ದೊಡ್ಡತ್ತೆ: ರೈಲುಬಸ್ಸು ನೆನಪಿದೆಯಾ ತಮ್ಮ? ಮೀಟರ್ ಗೇಜಿನ ಕೊನೇ ವರ್ಷಗಳಲ್ಲಿ ಬರುತ್ತಿತ್ತಲ್ಲ. ಒಂದೇ ಡಬ್ಬಿ, ಹಳಿ ಮೇಲೆ ಬಸ್ಸು ಬಂದ ಹಾಗೆ. ತರಕಾರಿ ಬುಟ್ಟಿ, ಹಾಲಿನ ಕ್ಯಾನು, ಶಾಲೆ ಮಕ್ಕಳು ಎಲ್ಲ ಅದರಲ್ಲೇ. ಬಾಗಿಲ ಹತ್ತಿರ ಕೂತರೆ ಕಾಡು ಕೈಗೇ ಸಿಗುತ್ತಿತ್ತು. ನನ್ನ ಬಾಣಂತನಕ್ಕೆ ಬಂದದ್ದು ಮಾತ್ರ ಹೊಗೆ ಇಂಜಿನ್ನಿನ ರೈಲಿನಲ್ಲಿ. ಹೊಸ ಸೀರೆಗೆಲ್ಲ ಕಿಡಿ ಹಾರಿ ತೂತು ಬಿದ್ದಿತ್ತು.

ನಾನು: ಅತ್ತೆ, ಇದನ್ನೇ ನಾನು ಹೇಳುವುದು. ಇದು ಯಾವ ಮ್ಯೂಸಿಯಂನಲ್ಲಿ ಇದೆ? ಒಂಟಿ ಹಳಿಯ ಲೈನಿನಲ್ಲಿ ಎರಡು ರೈಲು ಎದುರುಬದುರು ಬರದ ಹಾಗೆ ಹೇಗೆ ನೋಡಿಕೊಳ್ಳುತ್ತಿದ್ದರು ಅಂತ ಅಪ್ಪಿಯ ವಯಸ್ಸಿನವರಿಗೆ ಗೊತ್ತಿಲ್ಲ. ಎರಡು ಸ್ಟೇಷನ್ನಿನಲ್ಲೂ ಒಂದೊಂದು ಪೆಟ್ಟಿಗೆ ಇರುತ್ತಿತ್ತು, ತಂತಿಯಲ್ಲಿ ಒಂದಕ್ಕೊಂದು ಜೋಡಿಸಿದ್ದು. ಆ ಕಡೆಯ ಮಾಸ್ಟರ್ ಒಪ್ಪಿದರೆ ಮಾತ್ರ ಈ ಕಡೆ ಒಂದು ಕಬ್ಬಿಣದ ಗುಂಡು ಹೊರಗೆ ಬರುತ್ತದೆ. ಒಂದು ಬಂದ ಮೇಲೆ ಎರಡನೆಯದು ಯಾವ ಪೆಟ್ಟಿಗೆಯಿಂದಲೂ ಬರುವುದಿಲ್ಲ. ಆ ಗುಂಡನ್ನು ಚೀಲಕ್ಕೆ ಹಾಕಿ, ದೊಡ್ಡ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಗುಂಡು ಕೈಯಲ್ಲಿ ಇಲ್ಲದೆ ರೈಲು ಹೊರಡುವ ಹಾಗಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಷ್ಟು ಗಟ್ಟಿ ಯೋಚನೆ ನೋಡು! ಸಿಗ್ನಲ್ಲಿನ ಕೈಮರ, ರಟ್ಟಿನ ಟಿಕೆಟ್ಟು, ಗಂಟೆ ಬಾರಿಸಲು ನೇತುಹಾಕಿದ ಕಂಬಿ ತುಂಡು. ಇವೆಲ್ಲ ಗುಜರಿಗೆ ಹೋದವು. ನಮ್ಮಲ್ಲಿ ಪಾರಂಪರಿಕ ಅಂದ ಕೂಡಲೇ ಗುಡಿ, ಕೋಟೆ, ಅರಮನೆ ಅಂತಾರೆ. ಅದೇ ಆನಂದಪುರದಲ್ಲಿ ಕೆಳದಿ ನಾಯಕರ ಕಾಲದ ಚಂಪಕ ಸರಸ್ಸು ನೋಡುವುದಕ್ಕೆ ಜನ ಬರುತ್ತಾರೆ, ಬರಲಿ. ಕೀಮ್ಯಾನ್ ನಡೆದ ದಾರಿಯೂ ಪಾರಂಪರಿಕವೇ.

ಪುಟ್ಟಣ್ಣ: ಸರಿ, ಹಾಗಾದರೆ ಏನು ಮಾಡೋಣ ಹೇಳು. ಬೇಡ ಅನ್ನುವುದು ಸುಲಭ. ಮನವಿ ಬರೆದವರು ಏನಾದರೂ ಒಂದು ಮಾಡುತ್ತಿದ್ದಾರೆ. ನಾವು ಗುಂಪಿನಲ್ಲಿ ಬರೀ ಮಾತಾಡುತ್ತಿದ್ದೇವೆ.

ಅಕ್ಕ: ಪುಟ್ಟ ಹೇಳಿದ್ದರಲ್ಲಿ ತೂಕ ಇದೆ.

ನಾನು: ಚಿಕ್ಕಪ್ಪ, ಅಜ್ಜಯ್ಯನ ಕೈದೀಪ ಇನ್ನೂ ಇದೆಯಾ? ಮೂರು ಬಣ್ಣದ ಗಾಜು ತಿರುಗಿಸುವುದು?

ಚಿಕ್ಕಪ್ಪ: ಅಟ್ಟದ ಮೇಲೆ ಇದೆ. ಅಪ್ಪಯ್ಯ ರಿಟೈರ್ ಆಗುವ ಹೊತ್ತಿಗೆ ಹಳೇ ಸಾಮಾನು ಹರಾಜು ಹಾಕಿದ್ದರು, ಆಗ ದುಡ್ಡು ಕೊಟ್ಟು ತಗೊಂಡದ್ದು. ರಸೀದಿಯೂ ಇತ್ತು. ಯಾಕೆ?

ನಾನು: ಮ್ಯೂಸಿಯಂಗೆ ಕೊಡೋಣ. ಜೊತೆಗೆ ಅಜ್ಜಯ್ಯನ ಬಗ್ಗೆ ಒಂದು ಪುಟ ಬರೆದು ಕೊಡೋಣ. ಅಲ್ಲಿ ಒಂದು ಮೂಲೆ ಲೈನಿನಲ್ಲಿ ದುಡಿದವರಿಗೆ ಅಂತ ಇರಲಿ ಎಂದು ಕೇಳೋಣ. ಕುಂಸಿಯಲ್ಲಿ, ಕಾನಲೆಯಲ್ಲಿ, ತಾಳಗುಪ್ಪದಲ್ಲಿ ಇಂಥ ಮನೆಗಳು ಇನ್ನೂ ಇರುತ್ತವೆ. ಯಾರ ಅಟ್ಟದ ಮೇಲೆ ಏನಿದೆಯೋ.

ಚಿಕ್ಕಪ್ಪ: ದೀಪ ಕೊಡುವುದಿಲ್ಲ.

ನಾನು: ಚಿಕ್ಕಪ್ಪ...

ಚಿಕ್ಕಪ್ಪ: ಅದು ಅಪ್ಪಯ್ಯನದು. ಮನೆಯಲ್ಲೇ ಇರಬೇಕು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ನಾಳೆ ಆಫೀಸರ್ ಬದಲಾದರೆ, ಯಾರು ಒರೆಸುತ್ತಾರೆ? ತುಕ್ಕು ಹಿಡಿದರೆ? ನಾನು ಪ್ರತಿ ದೀಪಾವಳಿಗೂ ಇಳಿಸಿ ಎಣ್ಣೆ ಹಚ್ಚಿ ಇಡುತ್ತೇನೆ.

ದೊಡ್ಡತ್ತೆ: ತಮ್ಮ, ನಮ್ಮ ನಂತರ ಯಾರು ಇಳಿಸುತ್ತಾರೆ? ನಿನ್ನ ಮಗ ಪುಣೆಯಲ್ಲಿ, ನನ್ನ ಮಗಳು ಅಮೆರಿಕದಲ್ಲಿ. ಈ ಬೆಳಿಗ್ಗೆ ಮಕ್ಕಳು ಕೇಳದಿದ್ದರೆ ಹಲಸಿನ ಮರದ ಕಥೆ ನೀನು ಹೇಳುತ್ತಿದ್ದೆಯಾ? ನಾನೂ ಹೇಳುತ್ತಿರಲಿಲ್ಲ.

ಅಪ್ಪಿ: ಚಿಕ್ಕಜ್ಜ, ಒಂದು ಫೋಟೊ ಹಾಕುತ್ತೀರಾ? ನಾನು ನೋಡೇ ಇಲ್ಲ.

(ಮಧ್ಯಾಹ್ನದವರೆಗೆ ಯಾರೂ ಬರೆಯಲಿಲ್ಲ.)

ಚಿಕ್ಕಪ್ಪ: ಫೋಟೊ. ಕೆಂಪು ಗಾಜು ಒಡೆದಿದೆ, ಉಳಿದೆರಡು ಸರಿ ಇದೆ.

ಅಪ್ಪಿ: ಕೆಳಗೆ ತಳದಲ್ಲಿ ಏನೋ ಅಕ್ಷರ ಇದೆಯಲ್ಲ. ದೊಡ್ಡದು ಮಾಡಿ ನೋಡಿದೆ. ಎಂ. ಎಸ್. ಆರ್. ಅಂದರೇನು?

ನಾನು: ಮೈಸೂರು ಸ್ಟೇಟ್ ರೈಲ್ವೆ! 1951ರ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಗೆ ಸೇರಿಹೋಯಿತು. ಅಂದರೆ ದೀಪ ಅದಕ್ಕಿಂತ ಹಳೆಯದು. ಕಾಗೋಡು ಸತ್ಯಾಗ್ರಹ ಶುರುವಾದದ್ದೂ ಅದೇ ಏಪ್ರಿಲ್‌ನಲ್ಲಿ. ಲೋಹಿಯಾ ಬಂದ ವರ್ಷ ಅಜ್ಜಯ್ಯ ಈ ದೀಪ ಹಿಡಿದು ಇದೇ ಹಳಿಯ ಮೇಲೆ ನಡೆಯುತ್ತಿದ್ದಿರಬೇಕು.

ಅಕ್ಕ: ಮೈಯೆಲ್ಲ ಜುಮ್ಮೆಂದಿತು.

ಪುಟ್ಟಣ್ಣ: ಚಿಕ್ಕಪ್ಪ, ನನ್ನ ಸಹಿ ಹಿಂದೆ ತಗೊಳ್ಳುವುದಿಲ್ಲ. ಹೆಸರಿನ ವಿಷಯದಲ್ಲಿ ನನಗೆ ಇನ್ನೂ ನನ್ನದೇ ಸರಿ ಅನ್ನಿಸುತ್ತದೆ. ಆದರೆ ಉಳಿದವರಿಗೆ ಹಾಕಿ ಅಂತ ಹೇಳುವುದಿಲ್ಲ. ದೀಪದ ಗಾಜು ಮಾತ್ರ ನಾನು ಮಾಡಿಸಿಕೊಡುತ್ತೇನೆ. ಇಲ್ಲಿ ಹಳೇ ಲಾಟೀನು, ಪೆಟ್ರೋಮ್ಯಾಕ್ಸ್ ರಿಪೇರಿ ಮಾಡುವವರು ಒಬ್ಬರು ಇದ್ದಾರೆ.

ಚಿಕ್ಕಪ್ಪ: ಬೆಂಗಳೂರಿಗೆ ಪಾರ್ಸಲ್ ಮಾಡುವುದಿಲ್ಲ. ನೀನೇ ಬಾ. ಗಾಜಿನ ಅಳತೆ ತಗೊಂಡು ಹೋಗು.

ನಾನು: ಕೊಡುವ ವಿಷಯ?

ಚಿಕ್ಕಪ್ಪ: ಅದನ್ನು ಇನ್ನೂ ಯೋಚನೆ ಮಾಡಬೇಕು. ಮೊದಲು ನೀನು ಆ ಒಂದು ಪುಟ ಬರೆ. ನಾನು ಓದುತ್ತೇನೆ. ತಪ್ಪಿದ್ದರೆ ತಿದ್ದುತ್ತೇನೆ. ಗ್ಯಾಂಗಿನಲ್ಲಿ ಅಪ್ಪಯ್ಯನ ಜೊತೆ ಇದ್ದವರ ಹೆಸರು ಏಳೆಂಟು ನನಗೆ ನೆನಪಿದೆ, ಅವರ ಮನೆಯವರನ್ನು ಕೇಳಿ ಅವನ್ನೂ ಹಾಕಬೇಕು. ಅಪ್ಪಯ್ಯನ ಹೆಸರು ಒಂದೇ ಹಾಕಿದರೆ ನಾನು ಒಪ್ಪುವುದಿಲ್ಲ.

ದೊಡ್ಡತ್ತೆ: ಎರಡು ಹೆಸರು ನನಗೂ ಗೊತ್ತು. ಸಂಜೆ ಫೋನ್ ಮಾಡುತ್ತೇನೆ ತಮ್ಮ, ಬರೆದುಕೋ.

ಪುಟ್ಟಣ್ಣ: ಶುಕ್ರವಾರ ರಾತ್ರಿ ರೈಲಿಗೆ ಬುಕ್ ಮಾಡಿದೆ. ಶನಿವಾರ ಬೆಳಿಗ್ಗೆ ಆನಂದಪುರದಲ್ಲಿ ಇಳಿಯುತ್ತೇನೆ.